ಹ್ಯಾಮ್‌ಗೆ ಮೊದಲು ಬೇಕಾದದ್ದು ಒಳ್ಳೆಯ ಕಿವಿ

ಹವ್ಯಾಸಿ ರೇಡಿಯೊ ನಡೆಸುವ ಹ್ಯಾಮ್‌ಗಳು ಸೇರಿದಲ್ಲಿ ಮಾತು ಬೇಗನೆ ಪ್ರಸಾರದ ಬಲದತ್ತ ಹೊರಳುತ್ತದೆ: ಎಷ್ಟು ವ್ಯಾಟ್, ಎಷ್ಟೆತ್ತರದ ಕಂಬ, ಯಾವ ಆಂಪ್ಲಿಫೈಯರ್. 14 ಮೆಗಾಹರ್ಟ್ಸ್‌ ಮತ್ತು ಅದಕ್ಕಿಂತ ಮೇಲಿನ ಬ್ಯಾಂಡ್‌ಗಳಲ್ಲಿ ಇದಕ್ಕೆ ಅರ್ಥವಿದೆ. ಅಲ್ಲಿ ಕಳುಹಿಸಲು ಒಳ್ಳೆಯದಾದ ಆಂಟೆನಾ ಸಾಮಾನ್ಯವಾಗಿ ಕೇಳಲೂ ಒಳ್ಳೆಯದು. ಆದರೆ 160 ಮತ್ತು 80 ಮೀಟರ್ ಬ್ಯಾಂಡ್‌ಗಳಲ್ಲಿ, ಅಂದರೆ 1.8 ಮತ್ತು 3.5 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಲೆಕ್ಕ ಬೇರೆ. ನಮ್ಮ ದನಿ ದೂರದವರಿಗೆ ಮುಟ್ಟಿದರೂ ಅವರ ಉತ್ತರ ನಮ್ಮ ಕಡೆಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಈ ಬ್ಯಾಂಡ್‌ಗಳಿಗೆ ಇಳಿಯುವವರು ತಮ್ಮ ಹಣವನ್ನೂ ಶ್ರಮವನ್ನೂ ಮೊದಲು ಹೂಡಬೇಕಾದದ್ದು ಕೇಳುವುದಕ್ಕೆಂದೇ ಮೀಸಲಾದ ಪ್ರತ್ಯೇಕ ಆಂಟೆನಾದ ಮೇಲೆ ಎಂಬುದು ನನ್ನ ಖಚಿತ ನಿಲುವು.

ಕಾರಣ ಸರಳವಾಗಿದೆ. ಈ ಆವರ್ತನಗಳಲ್ಲಿ ಕೇಳಿಬರುವ ಕರಕರ ಸದ್ದು ರಿಸೀವರ್‌ನೊಳಗೆ ಹುಟ್ಟಿದ್ದಲ್ಲ. ಸಾವಿರಾರು ಕಿಲೋಮೀಟರ್ ಆಚೆ ಹೊಡೆದ ಸಿಡಿಲಿನ ಸದ್ದು ರಾತ್ರಿ ಅಯಾನುಗೋಳದಿಂದ ಪ್ರತಿಫಲಿಸಿ ನಮ್ಮವರೆಗೆ ಬರುತ್ತದೆ. ಅದರ ಜೊತೆಗೆ ಪಕ್ಕದ ಮನೆಯ ಎಲ್‌ಇಡಿ ಬಲ್ಬ್, ಚಾರ್ಜರ್, ಸೋಲಾರ್ ಇನ್ವರ್ಟರ್‌ಗಳ ಸ್ವಿಚಿಂಗ್ ಸದ್ದೂ ಸೇರುತ್ತದೆ. ಆಂಟೆನಾ ದೊಡ್ಡದಾದಷ್ಟೂ ಸಂಕೇತದೊಂದಿಗೆ ಗದ್ದಲವೂ ದೊಡ್ಡದಾಗುತ್ತದೆ. ಕಿವಿಗೆ ಬೇಕಾದದ್ದು ಎರಡರ ನಡುವಿನ ಅಂತರ. ಒಂದು ಆಂಟೆನಾ ಸಂಕೇತವನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೂ ಗದ್ದಲವನ್ನು ನಲವತ್ತನೇ ಒಂದು ಪಾಲಿಗೆ ಇಳಿಸಿದರೆ ನಮಗೆ ಲಾಭವೇ. ಕಳೆದುಹೋದ ಮಟ್ಟವನ್ನು ಒಂದು ಚಿಕ್ಕ ಪ್ರೀಆಂಪ್ಲಿಫೈಯರ್ ತುಂಬಿಕೊಡುತ್ತದೆ. ಕಳುಹಿಸುವ ಆಂಟೆನಾಕ್ಕೆ ದಕ್ಷತೆಯೇ ಪ್ರಾಣ. ಕೇಳುವ ಆಂಟೆನಾದಲ್ಲಿ ನೋಡಬೇಕಾದದ್ದು ಬೇಡದ ದಿಕ್ಕಿಗೆ ಅದು ಎಷ್ಟು ಕಿವುಡಾಗಿದೆ ಎಂಬುದನ್ನು.

ಇದಕ್ಕೆ ನೂರು ವರ್ಷದ ಹಿಂದಿನ ಸಾಕ್ಷ್ಯವಿದೆ. 1921ರ ಫೆಬ್ರುವರಿಯಲ್ಲಿ ಅಮೆರಿಕದ ಹವ್ಯಾಸಿಗಳು ಅಟ್ಲಾಂಟಿಕ್ ದಾಟಿಸಲೆಂದು ಸಂಕೇತ ಕಳುಹಿಸಿದಾಗ ಬ್ರಿಟನ್ನಿನಲ್ಲಿ ಯಾರಿಗೂ ಅವು ಕೇಳಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಕಡಲ ತೀರಕ್ಕೆ ಹೋಗಿ, ಹೆರಾಲ್ಡ್ ಬೆವರೇಜ್ ಕಂಡುಹಿಡಿದ ಮಾದರಿಯಂತೆ ಸುಮಾರು 400 ಮೀಟರ್ ಉದ್ದದ ತಂತಿಯನ್ನು ನೆಲದಿಂದ ಕೆಲವೇ ಮೀಟರ್ ಮೇಲೆ ಎಳೆದರು. ಆಗ ಎರಡು ಡಜನ್‌ಗೂ ಹೆಚ್ಚು ಅಮೆರಿಕನ್ ಕೇಂದ್ರಗಳು ಕೇಳಿಸಿದವು. ಅವರ ಸೂಪರ್‌ಹೆಟೆರೊಡೈನ್ ರಿಸೀವರ್‌ಗೂ, ಕಳುಹಿಸಿದವರ ಉತ್ತಮ ಉಪಕರಣಗಳಿಗೂ ಈ ಯಶಸ್ಸಿನಲ್ಲಿ ಪಾಲಿದೆ. ಆದರೆ ಆ ಉದ್ದದ ತಂತಿ ಮಾಡಿದ ಕೆಲಸ ಇವತ್ತಿಗೂ ಪಾಠವಾಗಿದೆ. ನೆಲಕ್ಕೆ ಒರಸಿಕೊಂಡು ಬರುವ ತರಂಗ ಮುಂದಕ್ಕೆ ವಾಲುತ್ತದೆ, ವಾಲಿದ ತರಂಗ ತಂತಿಯುದ್ದಕ್ಕೂ ಕೂಡುತ್ತಾ ರಿಸೀವರ್‌ನತ್ತ ಸಾಗುತ್ತದೆ. ಹಿಂದಿನಿಂದ ಬಂದದ್ದನ್ನು ತಂತಿಯ ಇನ್ನೊಂದು ತುದಿಯಲ್ಲಿ ನೆಲಕ್ಕೆ ಜೋಡಿಸಿದ ಸುಮಾರು 450 ಓಮ್‌ನ ರೆಸಿಸ್ಟರ್ ನುಂಗಿಬಿಡುತ್ತದೆ.

ಕರ್ನಾಟಕದ ಭೂಗೋಳಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನಿಂದ ಯುರೋಪ್ ಇರುವುದು ವಾಯವ್ಯಕ್ಕೆ. ಜಗತ್ತಿನ ದೊಡ್ಡ ಸಿಡಿಲಿನ ಪ್ರದೇಶಗಳಲ್ಲಿ ಒಂದಾದ ಸುಮಾತ್ರಾ–ಮಲೇಷ್ಯಾ ವಲಯ ಅದಕ್ಕೆ ಹೆಚ್ಚುಕಡಿಮೆ ಎದುರು ದಿಕ್ಕಿನಲ್ಲಿ, ಆಗ್ನೇಯದಲ್ಲಿದೆ. ವಾಯವ್ಯಕ್ಕೆ ಮುಖಮಾಡಿದ ಆಂಟೆನಾ ಆ ಸಿಡಿಲಿಗೆ ಬೆನ್ನು ತೋರಿಸುತ್ತದೆ. ಸಾಧಾರಣ ಲಂಬ ಆಂಟೆನಾಕ್ಕೆ ಹೋಲಿಸಿದರೆ ಒಂದು ತರಂಗಾಂತರ ಉದ್ದದ ಬೆವರೇಜ್ ಆಂಟೆನಾ ಕೇಳುವಿಕೆಯನ್ನು 5ರಿಂದ 6 ಡೆಸಿಬೆಲ್‌ನಷ್ಟು ಸುಧಾರಿಸಬಲ್ಲದು. ಅತ್ತ ಕಡೆಯವರು 100 ವ್ಯಾಟ್‌ನಿಂದ 400 ವ್ಯಾಟ್‌ಗೆ ಏರಿದರೆ ನಮಗಾಗುವ ಲಾಭವೂ ಅಷ್ಟೇ. ಆ ಬಲವನ್ನು ನಾವು ಒಂದು ತರಂಗಾಂತರ ಉದ್ದದ ತಂತಿಯಿಂದ ಇತ್ತಲೇ ಗಳಿಸಿಕೊಳ್ಳಬಹುದು.

ಅಷ್ಟು ಜಾಗ ಯಾರಿಗಿದೆ ಎಂಬುದು ಮೊದಲ ಆಕ್ಷೇಪ, ಅದು ನ್ಯಾಯವಾದದ್ದೇ. 30–40 ಅಡಿಯ ಸೈಟಿನಲ್ಲಿ ಬೆವರೇಜ್ ಹಾಕಲಾಗದು. ಆದರೆ 1997ರಲ್ಲಿ ಗ್ಯಾರಿ ಬ್ರೀಡ್ ಪ್ರಕಟಿಸಿದ ಕೆ9ಎವೈ ಲೂಪ್‌ಗೆ ಒಂದು ಕಂಬ, ಸುಮಾರು 9 ಮೀಟರ್ ಅಗಲದ ಜಾಗ ಸಾಕು. ದಿಕ್ಕನ್ನು ಒಂದು ಸ್ವಿಚ್ಚಿನಿಂದಲೇ ತಿರುಗಿಸಬಹುದು. ಫ್ಲ್ಯಾಗ್ ಎಂಬ ಆಯತಾಕಾರದ ಲೂಪ್‌ಗೆ ನೆಲದ ಸಂಪರ್ಕವೂ ಬೇಡವಾದ್ದರಿಂದ ತಾರಸಿಗೂ ಹೊಂದುತ್ತದೆ. ಇವು ಬೆವರೇಜ್‌ನಷ್ಟು ಚೂಪಲ್ಲ, ಆದರೂ ಲಂಬ ಆಂಟೆನಾಕ್ಕಿಂತ ಎರಡು ಡೆಸಿಬೆಲ್ ಮೇಲು. ಟಿವಿಗೆ ಬಳಸುವ 75 ಓಮ್ ಕೇಬಲ್ಲೇ ಈ ಕೆಲಸಕ್ಕೆ ಧಾರಾಳವಾಯಿತು. ಮನೆಯ ಗದ್ದಲ ಕೇಬಲ್ಲಿನ ಹೊರಕವಚದ ಮೇಲೆ ಹರಿದುಬರದಂತೆ ಫೆರೈಟ್ ಚೋಕ್ ಹಾಕದಿದ್ದರೆ ಮಾತ್ರ ಎಷ್ಟೇ ಒಳ್ಳೆಯ ಲೂಪ್ ಕಟ್ಟಿದರೂ ವ್ಯರ್ಥ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಇಂಟರ್‌ನೆಟ್‌ನಲ್ಲಿ ದೂರದ ರಿಸೀವರ್‌ಗಳು ಸಿಗುತ್ತವೆ, ಎಫ್‌ಟಿ8ರಂತಹ ಡಿಜಿಟಲ್ ವಿಧಾನಗಳು ಗದ್ದಲದಡಿಯ ಸಂಕೇತವನ್ನೂ ಓದುತ್ತವೆ, ಮತ್ತೇಕೆ ಈ ತಂತಿಗಳ ತಾಪತ್ರಯ ಎಂದು ಕೇಳುವವರಿದ್ದಾರೆ. ಡಿಜಿಟಲ್ ವಿಧಾನಕ್ಕೂ ಒಂದು ತಳಮಿತಿ ಇದೆ. ಆಂಟೆನಾ ಸುಧಾರಿಸಿದಷ್ಟೂ ಅದು ಇನ್ನಷ್ಟು ಕ್ಷೀಣ ಸಂಕೇತವನ್ನು ಹಿಡಿಯುತ್ತದೆ. ಇನ್ನು ಇಂಟರ್‌ನೆಟ್ ಮೇಲೆ ನಿಂತ ರಿಸೀವರ್, ಪ್ರವಾಹಕ್ಕೋ ಭೂಕುಸಿತಕ್ಕೋ ಫೈಬರ್ ಕಡಿದಾಗ ಇದ್ದೂ ಇಲ್ಲದಂತೆ. ಹವ್ಯಾಸಿ ರೇಡಿಯೊವನ್ನು ಸಮಾಜ ನೆನೆಯುವುದೇ ಅಂಥ ಹೊತ್ತಿನಲ್ಲಿ.

ಹಾಗಾದರೆ ವಿಪತ್ತಿನಲ್ಲಿ ಬೇಕಾದದ್ದು ಯುರೋಪಲ್ಲ, ಪಕ್ಕದ ಜಿಲ್ಲೆ. ಅಲ್ಲಿ ದಿಕ್ಕು ನೋಡುವ ಆಂಟೆನಾ ಏಕೆ? ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ರಾತ್ರಿ 3.5 ಮೆಗಾಹರ್ಟ್ಸ್‌ನಲ್ಲಿ ಪಕ್ಕದ ಜಿಲ್ಲೆಗೆ ಹೋಗುವ ಸಂಕೇತ ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೆ ಹೋಗಿ ಅಲ್ಲಿಂದಲೇ ಇಳಿಯುತ್ತದೆ. ವಿಎಚ್‌ಎಫ್ ಸಂಕೇತಕ್ಕೆ ಅಡ್ಡ ನಿಲ್ಲುವ ಕೊಡಗಿನ ಬೆಟ್ಟಗಳನ್ನು ದಾಟಿಸುವ ಗುಣ ಅದಕ್ಕಿದೆ. ದೂರಕ್ಕೆಂದು ಕಟ್ಟಿದ ಬೆವರೇಜ್ ಇಲ್ಲಿ ಹೆಚ್ಚು ನೆರವಾಗದು ಎಂಬುದನ್ನು ಒಪ್ಪಲೇಬೇಕು. ಆದರೆ ಇಲ್ಲಿಯೂ ಕೇಳುವ ಕಷ್ಟ ತಪ್ಪಿಲ್ಲ, ಅದಕ್ಕೆ ಮದ್ದು ಇನ್ನೂ ಅಗ್ಗ. ಒಂದು ಚಿಕ್ಕ ಲಂಬ ಲೂಪ್‌ನ ಮೌನ ದಿಕ್ಕನ್ನು ಪಕ್ಕದ ಕಟ್ಟಡದ ಇನ್ವರ್ಟರ್‌ನತ್ತ ತಿರುಗಿಸಿದರೆ ನೆಲದ ಮೇಲೆ ಬರುವ ಆ ಸದ್ದು ಬಹಳಷ್ಟು ಅಡಗುತ್ತದೆ. ಆಕಾಶದಿಂದ ಇಳಿಯುವ ಸಂಕೇತಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ನಗರದ ಪರಿಹಾರ ಕೇಂದ್ರದಲ್ಲಿ ಕುಳಿತ ಆಪರೇಟರ್‌ಗೆ ಬೆಟ್ಟದ ಮೇಲಿನಿಂದ 5 ವ್ಯಾಟ್‌ನಲ್ಲಿ ಕರೆಯುವವನ ಮಾತು ಕೇಳಿಸುವುದೋ ಇಲ್ಲವೋ ಎಂಬುದು ಇಂಥ ಒಂದು ಲೂಪ್‌ನಿಂದ ತೀರ್ಮಾನವಾಗಬಹುದು. ಬಲವಾಗಿ ಪ್ರಸಾರ ಮಾಡುವ ಕೇಂದ್ರಕ್ಕೆ ಕೇಳಿಸದಿದ್ದರೆ ಆ ಬಲ ಸಂಕಷ್ಟದಲ್ಲಿರುವವನ ಉಪಯೋಗಕ್ಕೆ ಬರದು.

ಗೌರಿಬಿದನೂರಿನಲ್ಲಿ ನಮ್ಮ ಖಗೋಳ ವಿಜ್ಞಾನಿಗಳು 34.5 ಮೆಗಾಹರ್ಟ್ಸ್‌ಗಾಗಿ ಸಾವಿರ ಡೈಪೋಲ್‌ಗಳ ರೇಡಿಯೊ ದೂರದರ್ಶಕ ಕಟ್ಟಿದ್ದು ಬರೀ ಕೇಳುವುದಕ್ಕಾಗಿ. ನಾಡಿನ ಹ್ಯಾಮ್ ಕ್ಲಬ್‌ಗಳಿಗೆ ಆ ಪ್ರಮಾಣ ಬೇಡ, ಆ ಶ್ರದ್ಧೆ ಬೇಕು. ನಗರದ ಹೊರಗೆ ಸದಸ್ಯರೊಬ್ಬರ ತೋಟದಲ್ಲೋ ಎಂಜಿನಿಯರಿಂಗ್ ಕಾಲೇಜಿನ ಬಯಲಿನಲ್ಲೋ ಎಲ್ಲರೂ ಬಳಸುವ ಒಂದು ಆಲಿಕೆ ಕೇಂದ್ರ ಕಟ್ಟಲಿ. ಹ್ಯಾಮ್ ಪರವಾನಗಿ ಪರೀಕ್ಷೆಗೆ ತಯಾರಿ ನಡೆಸುವವರಿಗೆ ಗದ್ದಲ ಅಳೆಯುವುದನ್ನು, ಅದರ ಮೂಲ ಹುಡುಕುವುದನ್ನು, ಲೂಪ್ ಕಟ್ಟುವುದನ್ನು ಕೈಯಾರೆ ಕಲಿಸಲಿ. ವಿಪತ್ತು ನಿರ್ವಹಣೆಗೆ ಹ್ಯಾಮ್‌ಗಳ ನೆರವು ಕೋರುವ ಜಿಲ್ಲಾಡಳಿತಗಳು ರೇಡಿಯೊ ಸೆಟ್ಟಿನ ಜೊತೆಗೆ ಕೇಳುವ ಆಂಟೆನಾಕ್ಕೂ ತಾರಸಿಯಲ್ಲಿ ಜಾಗ ಕೊಡಲಿ. ಇದಕ್ಕೆ ಬೇಕಾದ ತಂತಿ, ಫೆರೈಟ್, ಕೇಬಲ್ ಎಲ್ಲ ಸೇರಿದರೂ ಒಂದು ಒಳ್ಳೆಯ ಆಂಪ್ಲಿಫೈಯರ್‌ನ ಬೆಲೆಯ ಚಿಕ್ಕ ಪಾಲು. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಕೇಂದ್ರವನ್ನು ಇಷ್ಟರ ಮಟ್ಟಿಗೆ ಸುಧಾರಿಸುವ ಬೇರೆ ದಾರಿ ಕೆಳ ಬ್ಯಾಂಡ್‌ಗಳಲ್ಲಿ ಇಲ್ಲ.