ಎರಡು ತಾಸು ಹುಡುಗೀನ್ನ ಕರೀಬ್ಯಾಡ್ರಿ

ಅಲ್ರೀ ಅಕ್ಕಾರ, ಮನ್ಯಾಗ ಮಗಾ ಕ್ಯಾಟ್ ಪರೀಕ್ಷಾಕ್ಕ ಓದಾಕ ಕುಂತರ ಟಿವಿ ಬಂದ್ ಮಾಡ್ತೀವಿ, ಚಹಾ ಅಂವ ಕುಂತಲ್ಲೇ ಹೋಗತೈತಿ. ಅದೇ ಪರೀಕ್ಷಾಕ್ಕ ಮಗಳು ಕುಂತರ? "ಹಾಲು ಉಕ್ಕತೈತಿ, ನೋಡ", "ಯಾರೋ ಬಂದ್ರು, ಬಾಗಲಾ ತಗಿ", "ನಾಕು ರೊಟ್ಟಿ ಬಡದು ಹೋಗ". ಇದು ಯಾವ ನ್ಯಾಯ?

ಎಂಬಿಎ ಸೀಟಿನ ಈ ಪರೀಕ್ಷಾ 120 ನಿಮಿಷದ್ದು. ಇಂಗ್ಲಿಷ್, ಮಾಹಿತಿ ಮತ್ತು ತರ್ಕ, ಗಣಿತ ಅಂತ ಮೂರು ಭಾಗ, ಒಂದೊಂದಕ್ಕ 40 ನಿಮಿಷ. ಒಂದು ಭಾಗದ ಹೊತ್ತು ಮುಗೀತಂದ್ರ ಹೊಳ್ಳಿ ಅದಕ್ಕ ಹೋಗಾಕ ಬರಂಗಿಲ್ಲ. ಸರಿ ಉತ್ತರಕ್ಕ 3 ಅಂಕ. ಆಯ್ಕೆ ಪ್ರಶ್ನೆ ತಪ್ಪಿದ್ರ 1 ಕಡಿತ. ಗಣಿತ ಬಹಳಷ್ಟು ಹೈಸ್ಕೂಲಿಂದೇ. ಕಷ್ಟ ಇರೋದು ಗಡಿಯಾರದಾಗ. ಅದಕ್ಕಂತನ ಮಾಕ್ ಟೆಸ್ಟ್ ಬರೀಬೇಕು, ಎರಡು ತಾಸು ಎದ್ದೇಳದಂಗ. ನಡುವ ಮೂರು ಸಲ ಎಬ್ಬಿಸಿ, ಆಮ್ಯಾಲ "ನಿನಗ ಲಕ್ಷ್ಯ ಇಲ್ಲ" ಅಂತ ಆಕೀಗೇ ಬಯ್ಯೋದು!

ಪೇಪರ್ ಓದಿದ್ರೂ "ಕೆಲಸ ಇಲ್ಲೇನು?" ಅಂತೀವಿ. ಉದ್ದುದ್ದ ಬರಹ ಓದಿ ಅರ್ಥ ಮಾಡ್ಕೊಳ್ಳೋದಕ್ಕನ ಅಲ್ಲಿ ಅಂಕ ಅದಾವು, ತಂಗಿ.

"ಮದಿವಿ ಆಗಿ ಹೋಗಾಕಿಗೆ ಇದೆಲ್ಲಾ ಯಾಕ?" ಅನ್ನೋರು ಇಷ್ಟು ಕೇಳ್ರಿ. ಹೆಣ್ಣುಮಕ್ಕಳು ಕಡಿಮಿ ಬರ್ತಾರಂತ ಕೆಲವು ಐಐಎಂನವರು ಆಯ್ಕೆಯೊಳಗ ಅವರಿಗೆ ಹೆಚ್ಚಿನ ಅಂಕ ಕೊಡ್ತಾರ. ಅವರು ಕರದು ಜಾಗಾ ಕೊಡ್ತಾರ, ನಾವು ಇದ್ದ ಕುರ್ಚಿಯಿಂದ ಎಬ್ಬಸ್ತೀವಿ.

ವಾರಕ್ಕ ಒಂದು ದಿನ, ಎರಡು ತಾಸು. ಹಾಲು ನಾವು ನೋಡ್ಕೊಳ್ಳೂಣು. ಬಾಗಲಾ ಅಂವ ತಗೀಲಿ.