ಗಡುವಿಗೂ ಒಂದು ಹದ

ಮಕ್ಕಳೇ, ‘ಬರುವ ಸೋಮವಾರ ಪ್ರಬಂಧ ಬರೆದುಕೊಂಡು ಬನ್ನಿ’ ಎಂದು ಗುರುಗಳು ಒಂದು ವಾರ ಮೊದಲೇ ಹೇಳಿರುತ್ತಾರೆ. ನಾವು ಪೆನ್ನು ಹುಡುಕುವುದು ಮಾತ್ರ ಭಾನುವಾರ ರಾತ್ರಿ. ಆಗ ಹೊಟ್ಟೆಯಲ್ಲಿ ಕಳವಳ, ಕಣ್ಣಲ್ಲಿ ನೀರು. ಪತ್ರಿಕೆಗೆ ವಾರವಾರ ಬರೆಯುವ ದೊಡ್ಡವರಿಗೂ ಈ ಕಳವಳ ತಪ್ಪಿದ್ದಲ್ಲ.

ಕೊಟ್ಟ ಗಡುವಿಗೆ ಇಂಗ್ಲಿಷಿನಲ್ಲಿ ‘ಡೆಡ್‌ಲೈನ್’ ಅನ್ನುತ್ತಾರೆ. ಆ ಪದದ ಹಿಂದೆ ಒಂದು ಭಯಂಕರ ಕಥೆಯಿದೆ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಆಂಡರ್ಸನ್‌ವಿಲ್ ಎಂಬಲ್ಲಿ ಸೆರೆಸಿಕ್ಕ ಸೈನಿಕರನ್ನು ಕೂಡಿಹಾಕಿದ ಜೈಲೊಂದಿತ್ತು. ಅದರ ಒಳಗೆ ಒಂದು ಗಡಿ. ದಾಟಿದವನಿಗೆ ಗುಂಡು! ಅದೇ ಡೆಡ್‌ಲೈನ್. ಮುಂದೆ ಪತ್ರಿಕೆಯವರು ಬರಹ ಮುಗಿಸುವ ವೇಳೆಗೆ ಅದೇ ಪದ ಬಳಸತೊಡಗಿದರು. ಹೆಸರೇ ಹೀಗಿದ್ದರೆ ಎದೆ ಡವಡವ ಅನ್ನದೆ ಇದ್ದೀತೇ?

ನಮ್ಮ ಹೊಲದಲ್ಲಿ ಇದಕ್ಕೆ ಹತ್ತಿರದ ಒಂದು ಒಳ್ಳೆಯ ಮಾತಿದೆ: ಹದ. ತಿರ್ಲಾಪುರದ ಅಜ್ಜಂದಿರನ್ನು ಕೇಳಿ ನೋಡಿ. ಮಳೆ ಬಿದ್ದೊಡನೆ ಎರಿ ಹೊಲ ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಇವೆರಡರ ನಡುವಿನ ಕೆಲವೇ ದಿನ ಹಿಂಗಾರಿ ಕಡಲೆ, ಜೋಳ ಬಿತ್ತಲು ಹದ. ಅದಕ್ಕಿಂತ ದೊಡ್ಡ ಗಡುವು ಯಾವುದಿದೆ? ಆದರೆ ರೈತ ಎಲ್ಲ ಕೆಲಸವನ್ನೂ ಆ ದಿನಕ್ಕೇ ಇಟ್ಟುಕೊಳ್ಳುವುದಿಲ್ಲ. ಮುಂಚೆಯೇ ಹೊಲ ಹರಗಿರುತ್ತಾನೆ, ಬೀಜ ಆರಿಸಿರುತ್ತಾನೆ, ಕೂರಿಗೆ ಸಜ್ಜು ಮಾಡಿರುತ್ತಾನೆ. ಬಿತ್ತುವ ದಿನ ಬಿತ್ತುವುದಷ್ಟೇ ಕೆಲಸ. ಕಸ ತೆಗೆಯುವುದು ಆಮೇಲೆ.

ಬರಹವೂ ಹೀಗೆಯೇ. ನಮ್ಮ ಹುಬ್ಬಳ್ಳಿಯಲ್ಲಿ 1956ರಲ್ಲಿ ‘ಕಸ್ತೂರಿ’ ಮಾಸಪತ್ರಿಕೆ ಹುಟ್ಟಿತು. ಅದನ್ನು ಬೆಳೆಸಿದ ಸಂಪಾದಕ ಪಾ.ವೆಂ. ಆಚಾರ್ಯರಿಗೆ ತಿಂಗಳಿಗೊಂದು ಗಡುವು. ಆ ಕೆಲಸದ ಜತೆಗೇ ‘ಲಾಂಗೂಲಾಚಾರ್ಯ’ ಎಂಬ ಹೆಸರಿನಲ್ಲಿ ನಗೆಬರಹ ಬರೆದರು. ‘ಪದಾರ್ಥ ಚಿಂತಾಮಣಿ’ಯಲ್ಲಿ ಕನ್ನಡ ಪದಗಳ ಹುಟ್ಟು ಹುಡುಕಿ ಹೇಳಿದರು. ಪದದ ಬೇರು ಅಗೆಯುವುದು ಒಂದು ರಾತ್ರಿಯ ಕೆಲಸವಲ್ಲ. ಒಂದೊಂದೇ ಪದ ಕೂಡುತ್ತ ಹೋದದ್ದರಿಂದ ಅದು ದೊಡ್ಡ ಪುಸ್ತಕವಾಗಿ ನಿಂತಿತು.

ಸರಿ, ಮುಂಚಿನ ದಿನಗಳೆಲ್ಲ ಕಳೆದುಹೋಗಿ ಗಡುವು ಮೈಮೇಲೆ ಬಂದರೆ? ಅದಕ್ಕೂ ಒಂದು ಕಥೆ ಇದೆ. ರಷ್ಯಾ ದೇಶದ ದೊಡ್ಡ ಕಾದಂಬರಿಕಾರ ದಾಸ್ತೋವ್‌ಸ್ಕಿಯದು. ಸಾಲದಲ್ಲಿದ್ದ ಅವರು ಒಬ್ಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದರು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ, 9 ವರ್ಷ ಅವರು ಬರೆದದ್ದನ್ನೆಲ್ಲ ಆತ ಬಿಡಿಗಾಸೂ ಕೊಡದೆ ಅಚ್ಚು ಹಾಕಬಹುದಿತ್ತು. ಅಕ್ಟೋಬರ್ ಬಂದರೂ ಒಂದು ಸಾಲೂ ಆಗಿರಲಿಲ್ಲ!

ಗೆಳೆಯರು ಒಂದು ಉಪಾಯ ಹೇಳಿದರು: ‘ನಾವೆಲ್ಲ ಒಂದೊಂದು ಭಾಗ ಬರೆಯುತ್ತೇವೆ, ನೀನು ಹೆಸರು ಹಾಕಿಬಿಡು.’ ಅವರು ಒಪ್ಪಲಿಲ್ಲ. ಬೇರೆಯವರ ಬರಹಕ್ಕೆ ತನ್ನ ಹೆಸರು ಹಾಕುವುದು ಅವರಿಗೆ ಬೇಡವಾಗಿತ್ತು. ಆಗ ಶೀಘ್ರಲಿಪಿ ಕಲಿತ ಆನ್ನಾ ಎಂಬ ಇಪ್ಪತ್ತರ ಹುಡುಗಿ ನೆರವಿಗೆ ಬಂದಳು. ಹಗಲು ಅವರು ಹೇಳುವರು, ಈಕೆ ಬರೆದುಕೊಳ್ಳುವಳು, ಮನೆಗೆ ಹೋಗಿ ಚೆಂದಾಗಿ ತಿದ್ದಿ ಬರೆದು ತರುವಳು. ದಿನವೂ ಎಷ್ಟು ಪುಟವಾಯಿತೆಂದು ಎಣಿಸುವರು. ಪುಟ ಹೆಚ್ಚಿದಂತೆ ಭಯ ಕಡಿಮೆಯಾಯಿತು. 26 ದಿನಗಳಲ್ಲಿ ‘ಜೂಜುಗಾರ’ ಕಾದಂಬರಿ ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಕೊನೆಗೆ ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀತಿ ಪಡೆದರು. ಮರುವರ್ಷ ಆನ್ನಾಳನ್ನೇ ಮದುವೆಯಾದರು.

ಅಜ್ಜ-ಅಜ್ಜಿಯರೇ, ಈ ಕಥೆ ನಿಮಗೂ ಸೇರಿದ್ದು. ಭಾನುವಾರ ರಾತ್ರಿ ಅಳುವ ಮೊಮ್ಮಗನನ್ನು ಕಂಡು ‘ತಾ ಇಲ್ಲಿ, ನಾನೇ ಬರೀತೀನಿ’ ಅನ್ನಬೇಡಿ. ಮೊಬೈಲಿನಿಂದ ಇಳಿಸಿಕೊಳ್ಳಲೂ ಬಿಡಬೇಡಿ. ಆನ್ನಾಳ ಹಾಗೆ ಪಕ್ಕದಲ್ಲಿ ಕೂಡಿ. ‘ನಿನಗೆ ಏನು ಗೊತ್ತೈತಿ, ಬಾಯಲ್ಲಿ ಹೇಳು ಮಗಾ’ ಅನ್ನಿ. ಅವನು ಹೇಳಿದ ಮಾತನ್ನು ಅವನೇ ಬರೆಯಲಿ. ಒಂದು ಪುಟವಾದಾಗ ‘ಒಂದಾತು ನೋಡು’ ಎಂದು ಬೆನ್ನು ತಟ್ಟಿ. ತಪ್ಪು ಕಂಡರೆ ನಡುವೆ ಬಾಯಿ ಹಾಕಬೇಡಿ. ಕಸ ತೆಗೆಯುವುದು ಬಿತ್ತಿದ ಮೇಲೆ ತಾನೇ?

ಮಕ್ಕಳೇ, ನಿಮಗೊಂದು ಸಣ್ಣ ಕೆಲಸ. ಮುಂದಿನ ಸಲ ಪ್ರಬಂಧದ ವಿಷಯ ಸಿಕ್ಕ ದಿನವೇ ಮೂರೇ ಮೂರು ಸಾಲು ಬರೆಯಿರಿ. ಚೆಂದ ಇರಬೇಕೆಂದಿಲ್ಲ. ಸಂಜೆ ಅಜ್ಜಿಗೆ ಓದಿ ಹೇಳಿ. ಅವಳು ‘ಮುಂದೇನಾತು?’ ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೆ ನೀವು ಕೊಡುವ ಉತ್ತರವೇ ನಾಲ್ಕನೆಯ ಸಾಲು.