ಮಹಾವೀರಾಚಾರ್ಯರ ಅಂಕಮಾಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಗಣಿತ ಬೋಧಿಸಿದವನು ನಾನು. ಮಸ್ಕಿಯ ಅಶೋಕಶಾಸನವನ್ನು ನಮ್ಮ ಮಕ್ಕಳು ಬಲ್ಲರು. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನೂ ಬಲ್ಲರು. ಅವನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯರು ಮಾತ್ರ ಒಂದು ಅಂಕದ ಪ್ರಶ್ನೆಯ ಉತ್ತರವಾಗಿ ಉಳಿದಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ.

ಅವರ ಗ್ರಂಥದ ಒಂದು ಗುಣಾಕಾರವನ್ನು ನೋಡಿರಿ: 27994681 × 441. ಗುಣಲಬ್ಧ 12345654321. ಎತ್ತಲಿಂದ ಓದಿದರೂ ಒಂದೇ! ಇಂಥ ಸಂಖ್ಯೆಗಳಲ್ಲಿ ಆಚಾರ್ಯರು ಕೊರಳ ಹಾರವನ್ನು ಕಂಡರು.

ಎಂಟು ಅಂಕಿಗಳ ಕ್ಯಾಲ್ಕುಲೇಟರಿನಲ್ಲಿ ಈ ಉತ್ತರ ಹಿಡಿಸದು. ಮೊಬೈಲಿನಲ್ಲಿ ಹಿಡಿಸೀತು, ಕಾರಣ ತಿಳಿಯದು. 441 ಎಂಬುದು 21ರ ವರ್ಗ; 27994681 ಎಂಬುದು 5291ರ ವರ್ಗ; 21 × 5291 = 111111. ಅಂದರೆ ನಾವು ಕಂಡದ್ದು 111111ರ ವರ್ಗವನ್ನು. ಅದನ್ನು ಅದರಿಂದಲೇ ಗುಣಿಸಿ, ಒಂದೊಂದು ಸ್ಥಾನ ಸರಿಸುತ್ತ ಆರು ಸಾಲು ಬರೆದು ಕೂಡಿದರೆ, ಪ್ರತಿ ಸ್ಥಾನದ ಮೊತ್ತ 1ರಿಂದ 6ಕ್ಕೇರಿ ಮತ್ತೆ 1ಕ್ಕಿಳಿಯುತ್ತದೆ. ಎಲ್ಲಿಯೂ ದಶಕ ಬರುವುದಿಲ್ಲ.

ಹೆಸರು ಕೇಳುವ ಪ್ರಶ್ನೆಯನ್ನು ಕೈಬಿಟ್ಟು ಎಂಟನೆಯ ತರಗತಿಗೆ ಈ ಲೆಕ್ಕವನ್ನೇ ಕೊಡಬೇಕು. ಒಂದು ಪೀರಿಯಡ್ ಹೋಗುತ್ತದೆ, ಹೋಗಲಿ. ಹತ್ತು ಒಂದುಗಳನ್ನು ಬರೆದು ವರ್ಗ ಮಾಡಿದರೆ ಹಾರ ಏಕೆ ಹರಿಯುತ್ತದೆಂಬುದನ್ನು ಹಿಂದಿನ ಬೆಂಚಿನವರೇ ಕಂಡುಹಿಡಿಯಲಿ.